ಏನು ಬರೆದಿ ಎಂದು ಕೇಳದ ಮಾಸ್ತರು

ಅವರ ಹೆಸರು ಬರೆದರೆ ನಮ್ಮ ಶಾಲೆಯಲ್ಲಿ ಓದಿದವರಿಗೂ ಗುರುತು ಹತ್ತಲಿಕ್ಕಿಲ್ಲ. ಮಕ್ಕಳಿಗೆ, ಅವರ ತಾಯ್ತಂದೆಯರಿಗೆ, ಬಸ್‌ಸ್ಟಾಪಿನ ಚಹಾದಂಗಡಿಯವನಿಗೆ, ಕೊನೆಗೆ ನಮ್ಮ ಶಾಲೆಯ ಗುಮಾಸ್ತನಿಗೂ ಅವರು ಬರೀ ಡ್ರಾಯಿಂಗ್ ಸರ್. ಸಂಡೂರಿಗೆ ಹೋಗುವ ದಾರಿಯಲ್ಲಿ, ಅದಿರಿನ ಲಾರಿಗಳು ಹಗಲೆಲ್ಲ ಓಡಾಡುವ ಒಂದು ಹಳ್ಳಿಯ ಸರಕಾರಿ ಹೈಸ್ಕೂಲು ನಮ್ಮದು. ನಾನು ಅಲ್ಲಿ ಕನ್ನಡ ಕಲಿಸುತ್ತಿದ್ದೆ. ಇಬ್ಬರೂ ಹೊಸಪೇಟೆಯಿಂದ ಒಂದೇ ಬಸ್ಸಿಗೆ ಹೋಗಿ ಒಂದೇ ಬಸ್ಸಿಗೆ ಮರಳುತ್ತಿದ್ದೆವು.

ಈ ಸಲದ ಮಳೆಗಾಲ ಶುರುವಾಗುವ ಹೊತ್ತಿಗೆ ಅವರು ತೀರಿಕೊಂಡರು. ಬೌದ್ಧ ಮನೆತನ, ಬಿಳಿ ಬಟ್ಟೆಯುಟ್ಟ ಬಂಧುಗಳು ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ ಬುದ್ಧಂ ಸರಣಂ ಗಚ್ಛಾಮಿ ಎಂದು ತ್ರಿಸರಣ ಹೇಳಿದರು. ಅಳುವವರು ಹೆಚ್ಚಿರಲಿಲ್ಲ. ಹಳೆಯ ಶಾಲೆಯ ಕಡೆಯಿಂದ ಬಂದವಳು ನಾನೊಬ್ಬಳೇ. ಅಲ್ಲಿ ಗೋಡೆಗೆ ಒರಗಿ ನಿಂತಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಜೀವಮಾನವೆಲ್ಲ ಚಿತ್ರ ಕಲಿಸಿದವರ ಮನೆಯ ಯಾವ ಗೋಡೆಯ ಮೇಲೂ ಕೈಯಿಂದ ಬರೆದ ಒಂದೇ ಒಂದು ಚಿತ್ರವಿರಲಿಲ್ಲ.

ಅವರು ಎತ್ತರದ ಸಣಕಲು ಮನುಷ್ಯ. ಹೆಗಲಿಗೆ ಸದಾ ಒಂದು ಬಟ್ಟೆಯ ಚೀಲ. ಅದರ ಭಾರಕ್ಕೆ ಆ ಹೆಗಲು ತುಸು ಇಳಿದೇ ಇರುತ್ತಿತ್ತು. ಚೀಲದ ತುಂಬ ಕಾಗದ. ಹೊಸಪೇಟೆಯ ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ ಒಂದೇ ಮಗ್ಗುಲು ಅಚ್ಚಾಗಿ ಕೆಟ್ಟುಹೋದ ಹಾಳೆಗಳನ್ನು ಕೇಳಿ ತರುತ್ತಿದ್ದರು. ಮದುವೆ ಕಾರ್ಡು, ಪಂಚಾಯಿತಿ ಚುನಾವಣೆಯ ಕರಪತ್ರ, ಬಟ್ಟೆಯಂಗಡಿಯ ಜಾಹೀರಾತು, ಎಲ್ಲದರ ಬೆನ್ನ ಮೇಲೆ ನಮ್ಮ ಮಕ್ಕಳ ಚಿತ್ರಗಳು. ಉಗುರಿನ ಸಂದಿಯಲ್ಲಿ ಯಾವುದಾದರೊಂದು ಬಣ್ಣ ಕೂತೇ ಇರುತ್ತಿತ್ತು. ಅದೇ ಕೈಯಲ್ಲಿ ಸಂಜೆ ಬಸ್ಸಿಗೆ ಕಾಯುತ್ತ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದರು. "ಕೈ ತೊಳ್ಕೊಳ್ರಿ ಸರ್" ಎಂದರೆ, "ಹಸಿರು ಬಣ್ಣ ಟೀಚರ್, ಕೊತ್ತಂಬರಿ ಅನ್ಕೊಂಡ್ರಾತು" ಎನ್ನುತ್ತಿದ್ದರು.

ನೌಕರಿ ಸಿಗುವ ಮುಂಚೆ ಅವರು ಹೊಸಪೇಟೆಯ ಗ್ಯಾರೇಜೊಂದರಲ್ಲಿ ಲಾರಿಗಳ ಹಿಂಬದಿಗೆ ಕಮಲ, ಗಿಳಿ, ಮಾಲೀಕನ ಮಕ್ಕಳ ಹೆಸರು ಬರೆಯುತ್ತಿದ್ದರಂತೆ. ಅಪ್ಪ ರೈಲ್ವೆ ಗೂಡ್ಸ್ ಶೆಡ್ಡಿನ ಹಮಾಲ. ಈ ಮಗ ಚಿತ್ರಕಲೆ ಓದುತ್ತೇನೆಂದಾಗ ಅವರಪ್ಪ, "ಲಾರಿಗೆ ಬಣ್ಣ ಹಚ್ಚಾಕ ಕಾಲೇಜ್ ಯಾಕ ಬೇಕಲೇ?" ಎಂದು ಕೇಳಿದ್ದರಂತೆ. ಹೇಳಿ ತಾವೇ ನಗುತ್ತಿದ್ದರು. ಆಗ ಅವರು ನಗುತ್ತಿದ್ದರು.

ಡ್ರಾಯಿಂಗ್ ಪಿರಿಯಡ್ ಇದ್ದದ್ದು ಶುಕ್ರವಾರ ಮಧ್ಯಾಹ್ನದ ಮೇಲೆ. ಉಳಿದವರು ಅದನ್ನು ಪಿರಿಯಡ್ ಎಂದೇ ಗಣಿಸುತ್ತಿರಲಿಲ್ಲ; ಪರೀಕ್ಷೆ ಹತ್ತಿರ ಬಂದರೆ ಗಣಿತದವರು, ವಿಜ್ಞಾನದವರು ಕಸಿದುಕೊಳ್ಳುತ್ತಿದ್ದರು. ಸಿಕ್ಕಷ್ಟರಲ್ಲಿ ಅವರು ಮಕ್ಕಳನ್ನು ಬೇವಿನ ಮರದ ಕೆಳಗೆ ಕೂಡಿಸಿ ಕಾಗದ ಹಂಚಿ, "ನಿಮಗ ತಿಳಿದದ್ದು ಬರೀರಿ" ಎಂದು ತಾವೂ ಒಂದು ಹಾಳೆ ಹಿಡಿದು ಅವರ ನಡುವೆ ಕೂತುಬಿಡುತ್ತಿದ್ದರು. ಒಂದು ಸಲ ನಾನು ತಮಾಷೆ ಮಾಡಿದೆ.

"ನಿಮ್ಮ ಕೆಲಸ ಚಲೋ ಐತಿ ನೋಡ್ರಿ ಸರ್. ಏನು ಬರದಿ, ಯಾಕ ಬರದಿ ಅಂತ ಕೇಳೂದೂ ಇಲ್ಲ."

ಅವರು ಗಂಭೀರವಾಗಿಯೇ ಉತ್ತರ ಕೊಟ್ಟರು. "ಏನು ಬರದಿ ಅಂತ ಕೇಳಿದ್ರ ಮಗು ನಮಗ ಬೇಕಾದ್ದು ಹೇಳತೈತಿ ಟೀಚರ್. ಸುಮ್ನ ಬಾಜೂಕ ಕುಂತ್ರ, ತನಗ ಬೇಕಾದಾಗ ತಾನ ಹೇಳತೈತಿ. ಇಲ್ಲಂದ್ರ ಇಲ್ಲ."

ಒಂದು ವರ್ಷ ತಪಾಸಣೆಗೆ ಬಂದ ಸಾಹೇಬರು ಮಕ್ಕಳ ಚಿತ್ರಗಳನ್ನು ತಿರುವಿ ಹಾಕುತ್ತ ಒಂದರ ಹತ್ತಿರ ನಿಂತರು. ಪುಟ್ಟ ಮನೆ, ಅದರ ಛಾವಣಿಗಿಂತ ಎತ್ತರಕ್ಕೆ ಮೀಸೆಯ ಗಂಡಸು.

"ಏನ್ರಿ ಇದು? ಅಳತೆ ಪ್ರಮಾಣ ಏನೂ ಕಲಿಸಿಲ್ಲೇನ್ರಿ? ಮನೆಗಿಂತ ಮನುಷ್ಯ ದೊಡ್ಡವನಾ?"

"ಆ ಹುಡುಗಿ ಮನ್ಯಾಗ ಅಪ್ಪ ಅಷ್ಟ ದೊಡ್ಡವ ಅದಾನ ಸರ್," ಎಂದರು ನಮ್ಮ ಸರ್. "ಕುಡದು ಬಂದ ದಿನ ಇನ್ನೂ ದೊಡ್ಡವ ಆಕ್ಕಾನ. ಹಾಳಿ ಸಾಲಂಗಿಲ್ಲ."

ಸಾಹೇಬರು ಆ ಹಾಳೆಯನ್ನು ಕೆಳಗಿಟ್ಟರು. ವರದಿಯಲ್ಲಿ ಏನು ಬರೆದರೋ ಗೊತ್ತಿಲ್ಲ.

ಇಂಥವು ಇನ್ನೂ ಎಷ್ಟೋ ಇವೆ. ಆದರೆ ಅವರನ್ನು ನೆನೆದಾಗೆಲ್ಲ ನನ್ನ ಮುಂದೆ ಬಂದು ನಿಲ್ಲುವವಳು ಹುಲಿಗೆಮ್ಮ. ಅವಳ ಕಥೆ ಬಿಟ್ಟು ಅವರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.

ಹುಲಿಗೆಮ್ಮ ಆಗ ಎಂಟನೆಯ ತರಗತಿಯಲ್ಲಿದ್ದಳು. ಅಪ್ಪ ಅದಿರಿನ ಯಾರ್ಡಿನಲ್ಲಿ ಕೂಲಿ, ಅವ್ವ ಹೊಲದ ಕೆಲಸಕ್ಕೆ ಹೋಗುವವಳು. ತಂಗಿ ರೇಣುಕಾ ನಮ್ಮ ಪಕ್ಕದ ಪ್ರಾಥಮಿಕ ಶಾಲೆಯಲ್ಲಿ ಒಂದನೆಯ ಇಯತ್ತೆ. ದಿನಾ ಬೆಳಿಗ್ಗೆ ಅಕ್ಕ ತಂಗಿಯ ಕೈಹಿಡಿದು ರಸ್ತೆ ದಾಟಿಸಿ ಅವಳ ತರಗತಿಗೆ ಬಿಟ್ಟು, ಆಮೇಲೆ ನಮ್ಮ ಗೇಟಿಗೆ ಬರುವಳು. ಒಂದು ಬೆಳಿಗ್ಗೆ ಹಾಗೆ ದಾಟುವಾಗ ಅದಿರಿನ ಟಿಪ್ಪರ್ ಲಾರಿ ಬಡಿದು ರೇಣುಕಾ ಅಲ್ಲೇ ಹೋದಳು. ಅಕ್ಕನ ಮೈಮೇಲೆ ಒಂದು ಗಾಯವೂ ಇರಲಿಲ್ಲ.

ಊರಿನವರು ಲಾರಿ ತಡೆದು ಕೂಗಾಡಿದರು. ಪೊಲೀಸರು ಬಂದರು. ಸಂಜೆಯ ಹೊತ್ತಿಗೆ ಲಾರಿಗಳು ಮತ್ತೆ ಓಡತೊಡಗಿದವು. ಆದರೆ ಊರೊಳಗೆ ಒಂದು ಮಾತು ಉಳಿಯಿತು: ಅಕ್ಕ ಕೈ ಬಿಟ್ಟಳಂತೆ. ಹೆಣದ ಮುಂದೆ ಅವ್ವನೇ ಎದೆ ಬಡಿದುಕೊಂಡು, "ನಿನ್ನ ಕೈಯಾಗ ಕೊಟ್ಟು ಕಳಿಸಿದ್ನೆಲ್ಲಬೇ, ನಿನ್ನ ಕೈಯಾಗ ಕೊಟ್ಟಿದ್ನೆಲ್ಲಬೇ" ಎಂದು ಅಳುತ್ತಿದ್ದಳು. ಸಂಕಟದಲ್ಲಿ ಬಂದ ಮಾತು. ಆದರೆ ಅದನ್ನು ಕೇಳಿಸಿಕೊಂಡ ಹುಡುಗಿ ಅಂದಿನಿಂದ ಮಾತು ನಿಲ್ಲಿಸಿದಳು.

ಕೆಲವು ವಾರ ಬಿಟ್ಟು ಶಾಲೆಗೆ ಬಂದಳು. ಹಾಜರಿ ಕರೆದಾಗ ತಲೆ ಎತ್ತುವಳು, ಅಷ್ಟೇ. ಮನೆಯವರು ಹೊಸಪೇಟೆಯ ಡಾಕ್ಟರಿಗೆ ತೋರಿಸಿದರು, ದರ್ಗಾದಲ್ಲಿ ದಾರ ಕಟ್ಟಿಸಿದರು. ನಮ್ಮಲ್ಲಿ ಒಬ್ಬರು ಮುದ್ದು ಮಾಡಿ ನೋಡಿದರು, ಒಬ್ಬರು ಗದರಿಸಿ ನೋಡಿದರು. ಅವಳು ಕಿಟಕಿಯಾಚೆ ನೋಡುತ್ತ ಕೂರುವಳು. ಕಿಟಕಿಯಾಚೆ ಅದೇ ರಸ್ತೆ.

ಶುಕ್ರವಾರ ಬೇವಿನ ಮರದ ಕೆಳಗೆ ಡ್ರಾಯಿಂಗ್ ಸರ್ ಉಳಿದವರಿಗೆ ಕೊಟ್ಟಂತೆ ಅವಳಿಗೂ ಒಂದು ಹಾಳೆ, ಬಣ್ಣದ ಕಡ್ಡಿಗಳ ಡಬ್ಬಿ ಕೊಟ್ಟು, ಅವಳ ಪಕ್ಕದಲ್ಲೇ ಕೂತರು. ಅವಳು ಮುಟ್ಟಲಿಲ್ಲ. ಮುಂದಿನ ಶುಕ್ರವಾರ ಕೆಂಪು ಕಡ್ಡಿ ಎತ್ತಿಕೊಂಡು ಹಾಳೆಯ ಒಂದು ಮೂಲೆಯಿಂದ ಉಜ್ಜತೊಡಗಿದಳು. ಉಜ್ಜಿ ಉಜ್ಜಿ ಇಡೀ ಹಾಳೆ ಕೆಂಪಾಯಿತು. ಆಮೇಲೂ ಬಿಡದೆ ಕಾಗದ ಹರಿಯುವ ತನಕ ಉಜ್ಜಿದಳು. ಸರ್ ಇನ್ನೊಂದು ಹಾಳೆ ಕೊಟ್ಟರು. ಅದೂ ಹಾಗೆಯೇ ಆಯಿತು.

ಹಲವು ಶುಕ್ರವಾರ ಬರೀ ಕೆಂಪು. ಮಿಕ್ಕ ಮಕ್ಕಳು ತಮ್ಮ ಡಬ್ಬಿಗಳಿಂದ ಕೆಂಪು ಕಡ್ಡಿಗಳನ್ನು ತೆಗೆದು ಅವಳಿಗೆ ಕೊಡತೊಡಗಿದರು, ಯಾರೂ ಹೇಳದೆಯೇ. ಬಸ್ಸಿನಲ್ಲಿ ನಾನು ಕೇಳಿದೆ, "ಸರ್, ಇದರಿಂದ ಏನಾದ್ರೂ ಆಗತೈತೇನ್ರಿ?"

"ಗೊತ್ತಿಲ್ಲ ಟೀಚರ್. ಆಕಿ ಕೈ ಅಲ್ಲಾಡಾಕತ್ತೈತಿ. ಕೈಯಾಗಿಂದ ಬಾಯಿಗೆ ಹಾದಿ ದೂರ ಇರಬೌದು."

ಒಂದು ಶುಕ್ರವಾರ ಕೆಂಪಿನ ನಡುವೆ ಕರಿಯ ಪಟ್ಟಿಯೊಂದು ಬಂತು. ಅದು ರಸ್ತೆ ಎಂದು ಯಾರಿಗಾದರೂ ತಿಳಿಯುತ್ತಿತ್ತು. ಸರ್ ಅದನ್ನು ನೋಡಿದರು, ಏನೂ ಕೇಳಲಿಲ್ಲ. ಅವರು ತಮ್ಮ ಹಾಳೆಯಲ್ಲಿ ಬೇವಿನ ಮರದ ಬೇರು ಬರೆಯುತ್ತಿದ್ದರು, ಅದನ್ನೇ ಮುಂದುವರಿಸಿದರು.

ಆ ಚಳಿಗಾಲ ಮಕ್ಕಳನ್ನು ಹಂಪಿಗೆ ಕರೆದೊಯ್ದೆವು. ಸಮಾಜ ವಿಜ್ಞಾನದವರು ರಾಜರ ಹೆಸರುಗಳನ್ನು ಹೇಳುತ್ತ ಗಂಟಲು ಹರಿದುಕೊಂಡರು. ಡ್ರಾಯಿಂಗ್ ಸರ್ ಊಟದ ಮೇಲೆ ಎಲ್ಲರನ್ನೂ ಹೊಳೆದಂಡೆಯ ಬಂಡೆಗಳ ಮೇಲೆ ಕೂಡಿಸಿ ಹಾಳೆ ಕೊಟ್ಟರು. ಗೋಪುರ ಬರೆದವರು ಕಡಿಮೆ. ಒಬ್ಬ ಐಸ್‌ಕ್ಯಾಂಡಿ ಗಾಡಿ ಬರೆದ. ಒಬ್ಬಳು ಬಸ್ಸಿನಲ್ಲಿ ವಾಂತಿ ಮಾಡಿದ ಗೆಳತಿಯನ್ನು ಬರೆದು ಜಗಳ ತಂದಳು. ಹುಲಿಗೆಮ್ಮ ಸ್ವಲ್ಪ ದೂರದ ಬಂಡೆಯ ಮೇಲಿದ್ದಳು. ಅವಳ ಪಕ್ಕ ಸರ್, ಅವರ ಹಿಂದೆ ನೀರಿನ ಬಾಟಲಿಗಳ ಕಾವಲಿಗೆ ನಾನು.

ಅವಳು ರಸ್ತೆ ಬರೆದಳು. ಅದರ ಅಂಚಿಗೆ ಎರಡು ಜಡೆಯ ದೊಡ್ಡ ಹುಡುಗಿ. ಕಡ್ಡಿ ಬದಲಿಸಿ ರಸ್ತೆಯ ಮಧ್ಯಕ್ಕೆ ಒಂದು ಸಣ್ಣ ಹುಡುಗಿಯನ್ನು ಬರೆದಳು. ದೊಡ್ಡವಳ ಒಂದು ತೋಳನ್ನು ಉದ್ದಕ್ಕೆ, ಹಾಳೆಯ ಅರ್ಧಕ್ಕೆ ಬರುವಂತೆ ಎಳೆದಳು. ಸಣ್ಣವಳ ಕೈ ಮಾತ್ರ ಅದಕ್ಕೆ ತಾಗದೆ ಬೇರೆ ಕಡೆ ತಿರುಗಿತ್ತು. ಆಮೇಲೆ ತಲೆ ಎತ್ತದೆ ಹೇಳಿದಳು:

"ನಾ ಬಿಡ್ಲಿಲ್ರಿ ಸರ್. ರೇಣಿ ತಾನ ಕೈ ಕೊಸರ್ಕೊಂಡು ಓಡಿದ್ಲು. ಆ ಕಡಿ ಆಕಿ ಗೆಳತಿ ನಿಂತಿದ್ಲು."

ಸರ್ "ಹೂಂ" ಎಂದರು. ಅಷ್ಟೇ. ಅವಳು ಅಳತೊಡಗಿದಾಗಲೂ ತಲೆ ಸವರಲಿಲ್ಲ, ಸಮಾಧಾನ ಹೇಳಲಿಲ್ಲ. ಕದಲದೆ ಪಕ್ಕದಲ್ಲಿ ಕೂತಿದ್ದರು. ಅವಳ ಅಳು ನಿಂತಾಗ ಕೇಳಿದರು, "ಆ ಗೆಳತೀನೂ ಬರಿತಿಯೇನವ್ವ?" ಅವಳು ಮೂಗು ಒರೆಸಿಕೊಂಡು ರಸ್ತೆಯ ಆಚೆ ಬದಿಗೆ ಇನ್ನೊಬ್ಬ ಹುಡುಗಿಯನ್ನು ಬರೆದಳು. ನನ್ನ ಕಡೆಗೆ ತಿರುಗಿದ ಸರ್ ಮುಖ ಒದ್ದೆಯಾಗಿತ್ತು.

ಮರುವಾರ ಅವರು ಅವಳ ಅವ್ವನನ್ನು ಶಾಲೆಗೆ ಕರೆಸಿದರು. ಚಿತ್ರವನ್ನು ತಾವು ತೋರಿಸಲಿಲ್ಲ. "ನೀನ ತೋರಿಸವ್ವ" ಎಂದು ಮಗಳ ಕೈಗೆ ಕೊಟ್ಟು ವರಾಂಡದ ಇನ್ನೊಂದು ತುದಿಗೆ ಹೋಗಿ ನಿಂತರು. ಹುಲಿಗೆಮ್ಮ ಹಾಳೆಯ ಮೇಲೆ ಬೆರಳಿಟ್ಟು ಇದು ನಾನು, ಇದು ರೇಣಿ, ಇದು ನನ್ನ ಕೈ ಎಂದು ಹೇಳುತ್ತ ಹೋದಳು. ಅವ್ವ ಆ ಉದ್ದನೆಯ ತೋಳನ್ನು ಮುಟ್ಟಿ ಮುಟ್ಟಿ ನೋಡಿ, "ಇಷ್ಟು ದೂರ ಚಾಚಿದ್ದೇನಬೇ ಕೈಯಿ, ಇಷ್ಟು ದೂರ ಚಾಚಿದ್ದೇನ" ಎಂದು ಮಗಳನ್ನು ತಬ್ಬಿ ಅತ್ತಳು. ತರಗತಿಗಳ ಬಾಗಿಲುಗಳಲ್ಲಿ ಮಕ್ಕಳು ನಿಂತು ನೋಡುತ್ತಿದ್ದರು. ಯಾರೂ ಒಳಗೆ ಹೋಗಿರೆಂದು ಗದರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಸಂತೋಷದ ಬರಹವಾಗುತ್ತಿತ್ತು.

ಹುಲಿಗೆಮ್ಮ ಮೆಲ್ಲಗೆ ಮಾತಾಡತೊಡಗಿದಳು. ನನ್ನ ತರಗತಿಯಲ್ಲಿ ಎದ್ದು ನಿಂತು ಪಾಠ ಓದಿದಳು. ಒಂಬತ್ತನೆಯ ತರಗತಿಗೆ ಬಂದಾಗ ಶುಕ್ರವಾರ ಸರ್‌ಗಿಂತ ಮೊದಲೇ ಬೇವಿನ ಮರದ ಕೆಳಗೆ ಕಸ ಗುಡಿಸಿ ಇಟ್ಟಿರುತ್ತಿದ್ದಳು. ಆ ವರ್ಷ ನಮ್ಮ ಶಾಲೆಗೆ ಒಂದು ಹೊಸ ಕೋಣೆ ಕಟ್ಟಿ ಮುಗಿದಿತ್ತು. ಊರಿನ ದೊಡ್ಡ ಕುಳವೊಬ್ಬರು ಕಟ್ಟಿಸಿಕೊಟ್ಟದ್ದು. ಶಾಲಾ ಸಮಿತಿಯ ಅಧ್ಯಕ್ಷರೂ ಅವರೇ. ಅವರ ಟಿಪ್ಪರುಗಳೂ ಆ ರಸ್ತೆಯಲ್ಲಿ ಓಡುತ್ತಿದ್ದವು. ಉದ್ಘಾಟನೆಗೆ ದೊಡ್ಡ ಅಧಿಕಾರಿಗಳು ಬರುವವರಿದ್ದರು. ಹೆಡ್ಮಾಸ್ತರು ಡ್ರಾಯಿಂಗ್ ಸರ್‌ಗೆ ರಸ್ತೆಯ ಕಡೆಯ ಉದ್ದನೆಯ ಕಾಂಪೌಂಡ್ ಗೋಡೆ ತೋರಿಸಿ, "ಏನರ ಚಂದಂದು ಬರಸ್ರಿ. ಕಲ್ಲಿನ ರಥ, ನವಿಲು, ಹಂಗಾ" ಎಂದರು.

ಸರ್ ಬಹಳ ಹುರುಪಿನಲ್ಲಿದ್ದರು. ಬಸ್ಸಿನಲ್ಲಿ ಅದೇ ಮಾತು. "ಹಾಳಿ ಸಣ್ಣದಾತು ಟೀಚರ್. ಮಕ್ಕಳಿಗೆ ಒಂದು ದೊಡ್ಡ ಗ್ವಾಡಿ ಸಿಕ್ಕೈತಿ. ತಮ್ಮ ಊರಿನ ಬಗ್ಗೆ ತಾವ ಬರೀಲಿ."

ಹುಲಿಗೆಮ್ಮನಿಗೆ ಗೇಟಿನ ಪಕ್ಕದ ಜಾಗ ಕೊಟ್ಟರು. ಅವಳು ಕುಂಚ ಹಿಡಿದುಕೊಂಡು ಹಿಂಜರಿದಳು. "ನಾ ಹೂವು ಬರಿತೀನ್ರಿ ಸರ್. ಅದು ಬ್ಯಾಡ. ಎಲ್ಲಾರು ನೋಡ್ತಾರ."

"ನೋಡ್ಲಿ ಬಿಡವ್ವ. ಕೈ ಬಿಟ್ಲು ಅಂದಿದ್ದ ಊರು ನೋಡ್ಲಿ," ಎಂದರು ಸರ್.

ಯಾವ ಮಗುವಿಗೂ ಇಂಥದ್ದು ಬರೆ ಎಂದು ಅವರು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವಳು ಅವರ ಮುಖ ನೋಡಿ, ತಲೆಯಾಡಿಸಿ, ಬರೆದಳು. ರಸ್ತೆ, ಚಾಚಿದ ತೋಳು, ಓಡುವ ತಂಗಿ, ಮತ್ತು ಈ ಸಲ ಟಿಪ್ಪರ್ ಕೂಡ. ಅದನ್ನು ನೋಡಿ ಉಳಿದ ಮಕ್ಕಳೂ ಬಿಚ್ಚಿಕೊಂಡರು. ಒಬ್ಬ ಕೆಮ್ಮುವ ಅಜ್ಜನನ್ನು ಬರೆದ. ಅಜ್ಜನ ಬಾಯಿಂದ ಕೆಂಪು ಧೂಳು. ಒಬ್ಬಳು ಕೆಂಪು ಎಲೆಗಳ ಹುಣಸೆ ಮರ ಬರೆದಳು. ಊರಿನ ಹೆಂಗಸರು ನೀರಿನ ಕೊಡ ಇಳಿಸಿ ನಿಂತು ನೋಡಿದರು. ರೇಣುಕಾಳ ಚಿತ್ರದ ಕೆಳಗೆ ಅವಳ ಅವ್ವ ಒಂದು ಹಿಡಿ ಚೆಂಡು ಹೂವು ಇಟ್ಟು ಹೋದಳು.

ಅಧ್ಯಕ್ಷರು ಕಾರು ನಿಲ್ಲಿಸಿ ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಕಾರು ಹತ್ತಿ ಹೋದರು. ಆ ಭಾನುವಾರ ಶಾಲೆಯಲ್ಲಿ ಯಾರೂ ಇಲ್ಲದಾಗ ಆಳುಗಳು ಬಂದು ಗೋಡೆಗೆ ಸುಣ್ಣ ಹಚ್ಚಿದರು.

ಸೋಮವಾರ ನಾವಿಬ್ಬರೂ ಬಸ್ಸಿಳಿದಾಗ ಮಕ್ಕಳೆಲ್ಲ ಗೇಟಿನ ಹೊರಗೇ ನಿಂತಿದ್ದರು. ಬಿಳಿಯ ಗೋಡೆ ಬಿಸಿಲಿಗೆ ಕಣ್ಣು ಚುಚ್ಚುತ್ತಿತ್ತು. ಹುಲಿಗೆಮ್ಮ ತನ್ನ ಜಾಗದ ಮುಂದೆ ನಿಂತಿದ್ದಳು. ನಮ್ಮನ್ನು ಕಂಡು ಸರ್ ಕಡೆಗೆ ಎರಡು ಹೆಜ್ಜೆ ಬಂದಳು. ಸರ್ ಅವಳತ್ತ ನೋಡಲಿಲ್ಲ. ನೇರ ಆಫೀಸಿಗೆ ನಡೆದರು.

ಅಲ್ಲಿ ಹೆಡ್ಮಾಸ್ತರ ಜೊತೆ ಆದ ಜಗಳ ವರಾಂಡದವರೆಗೂ ಕೇಳಿಸಿತು.

"ಮಕ್ಕಳ ಎದಿ ಮ್ಯಾಲ ಸುಣ್ಣ ಬಳಿಸಿದ್ರೆಲ್ರಿ ಸರ್!"

ಹೆಡ್ಮಾಸ್ತರು ಕೆಟ್ಟವರಲ್ಲ. ಅವರೂ ದನಿ ಏರಿಸಿ ಹೇಳಿದರು. "ನನಗೂ ಮಕ್ಳದಾವ್ರಿ. ನನಗೇನು ತಿಳಿಯಂಗಿಲ್ಲೇನು? ಆದ್ರ ಅಧ್ಯಕ್ಷರು ಸಿಟ್ಟಾಗಿ ಆ ರೂಮು ಕೊಡಂಗಿಲ್ಲ ಅಂದ್ರ ಹತ್ತನೇ ಕ್ಲಾಸಿನೋರನ್ನ ಎಲ್ಲಿ ಕುಂದ್ರಸ್ಲಿ, ಹೇಳ್ರಿ? ಮಳಿ ಬಂದ್ರ ಸೋರೋ ಕೋಣ್ಯಾಗ ಎಷ್ಟು ವರ್ಷ ಕುಂದ್ರಸ್ಲಿ? ನವಿಲು ಬರಸ್ರಿ ಅಂದಿದ್ದೆ. ನೀವೊಂದು ನವಿಲು ಬರಸಿದ್ರ ಇಷ್ಟೆಲ್ಲ ಆಗ್ತಿತ್ತೇನ್ರಿ?"

ಹೊರಗೆ ಬಂದ ಸರ್ ಸಂಜೆಯ ತನಕ ಸ್ಟಾಫ್ ರೂಮಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಸಂಜೆ ಬಸ್ಸಿನಲ್ಲಿ ಒಂದೇ ಮಾತು ಆಡಿದರು. "ಆಕಿ ಬಾಯಿ ತೆಗಿಸಿದವ ನಾನು ಟೀಚರ್. ತೆಗಿಸಿ, ಆ ಬಾಯಾಗ ಸುಣ್ಣ ಹಾಕಿಸಿದವನೂ ನಾನ."

ಮರುದಿನದಿಂದ ರಜೆ ಹಾಕಿದರು. ರಜೆಯಲ್ಲೇ ಓಡಾಡಿ ಕಂಪ್ಲಿಯ ಕಡೆಗೆ ವರ್ಗ ಮಾಡಿಸಿಕೊಂಡರು. ಅವರನ್ನು ಯಾರೂ ಕಳಿಸಲಿಲ್ಲ; ಅಧ್ಯಕ್ಷರೂ ಆ ಮಾತು ಎತ್ತಿರಲಿಲ್ಲ. ಅವರೇ ಹೋದರು. ಹೋಗುವಾಗ ಶಾಲೆಗೆ ಬರಲಿಲ್ಲ, ಮಕ್ಕಳಿಗೆ ಹೇಳಲಿಲ್ಲ. ನಾನು ಮನೆಗೆ ಹೋಗಿ ಕೇಳಿಕೊಂಡೆ: "ಒಂದು ಸಲ ಬಂದು ಆ ಹುಡುಗೀನ ಮಾತಾಡ್ಸಿ ಹೋಗ್ರಿ ಸರ್."

"ಯಾವ ಮುಖ ಇಟ್ಕೊಂಡು ಹೋಗ್ಲಿ ಟೀಚರ್? ಬ್ಯಾಡ ಬ್ಯಾಡ ಅಂತಿತ್ತು ಕೂಸು. ಆಕಿ ಕಣ್ಣಾಗ ಕಣ್ಣಿಟ್ಟು ಏನಂತ ಹೇಳ್ಲಿ?"

ಉದ್ಘಾಟನೆ ಸಾಂಗವಾಗಿ ನಡೆಯಿತು. ಡ್ರಾಯಿಂಗ್ ಪಿರಿಯಡ್ ಗಣಿತಕ್ಕೆ ಹೋಯಿತು. ಹುಲಿಗೆಮ್ಮ ಮತ್ತೆ ಮಾತು ಕಡಿಮೆ ಮಾಡಿದಳು. ನಾನು ಒಮ್ಮೆ ಹಾಳೆ, ಬಣ್ಣ ತಂದು ಅವಳ ಮುಂದಿಟ್ಟೆ. "ಬ್ಯಾಡ್ರಿ ಟೀಚರ್" ಎಂದು ಮೆತ್ತಗೆ ಸರಿಸಿದಳು. ಬೇಸಿಗೆ ರಜೆಯ ನಂತರ ಅವಳು ಬರಲೇ ಇಲ್ಲ. ಮನೆಗೆ ಹೋದಾಗ ಅವಳವ್ವ, "ಕಂಪ್ಲಿ ಕಡಿ ಮೆಟ್ರಿಯಾಗ ಆಕಿ ಸೋದರತ್ತಿ ಇದಾಳ್ರಿ, ನಾಟಿ ಕೆಲ್ಸ ಐತಿ ಅಂತ ಕಳಿಸೀವಿ. ಸಾಲಿಗೆ ಹೋಗಂಗಿಲ್ಲ ಅಂತ ಆಕೀನ ಹಟ ಹಿಡಿದ್ಲು" ಎಂದಳು. ಆಮೇಲೆ ಅಲ್ಲೇ ಮದುವೆಯೂ ಆಯಿತೆಂದು ಕೇಳಿದೆ.

ಡ್ರಾಯಿಂಗ್ ಸರ್ ಮತ್ತೆ ಸಿಕ್ಕಿದ್ದು ಹೊಸಪೇಟೆಯ ಒಂದು ತರಬೇತಿಯಲ್ಲಿ. ಗುರುತು ಹಿಡಿಯುವುದು ಕಷ್ಟವಾಯಿತು. ಉಗುರುಗಳು ಸ್ವಚ್ಛವಾಗಿದ್ದವು. ಈಗೇನು ಕಲಿಸುತ್ತೀರಿ ಎಂದು ಕೇಳಿದೆ.

"ಬಕೆಟ್ಟು ಬರಸ್ತೀನಿ. ಸ್ಕೇಲ್ ಹಿಡಿದು ಗೆರಿ ಹೊಡಸ್ತೀನಿ. ಕೊಡ, ಛತ್ರಿ, ಸ್ಟೂಲು." ಆಮೇಲೆ ಹೇಳಿದರು, "ಬಕೆಟ್ಟಿನಾಗ ಯಾರೂ ಸಾಯಂಗಿಲ್ಲ ನೋಡ್ರಿ."

ಅವರ ಹುಡುಗರು ಚಿತ್ರಕಲೆಯ ಗ್ರೇಡ್ ಪರೀಕ್ಷೆಗಳಲ್ಲಿ ಚೆನ್ನಾಗಿ ಪಾಸಾಗುತ್ತಿದ್ದರಂತೆ. ಕಂಪ್ಲಿಯಲ್ಲಿ ಅವರಿಗೆ ಶಿಸ್ತಿನ ಮಾಸ್ತರೆಂದು ಹೆಸರಿತ್ತಂತೆ. ನಿವೃತ್ತಿಯ ದಿನ ಹಾರ ಹಾಕಿ, ಶಾಲು ಹೊದಿಸಿ ಕಳಿಸಿದರಂತೆ. ಇದನ್ನೆಲ್ಲ ನನಗೆ ಹೇಳಿದ್ದು ಅವರ ಹೆಂಡತಿ, ಅವರು ಕಾಯಿಲೆ ಬಿದ್ದ ಮೇಲೆ ನಾನು ನೋಡಲು ಹೋದಾಗ. ಶ್ವಾಸಕೋಶ ಕೆಟ್ಟಿತ್ತು. ಮಂಚಕ್ಕೆ ಅಂಟಿದ್ದರು.

"ಮನ್ಯಾಗ ಒಂದು ಗೆರಿ ಎಳಿಲಿಲ್ರಿ ಇವ್ರು," ಎಂದರು ಆ ತಾಯಿ. "ಮೊಮ್ಮಗಳು ಬಣ್ಣದ ಡಬ್ಬಿ ತಂದು ತೊಡಿ ಮ್ಯಾಲ ಕುಂತ್ರ, ಹೋಗು ಅಜ್ಜಿ ಹತ್ರ ಅಂತಿದ್ರು. ಕೂಸು ಅಳ್ತಿತ್ತು, ಇವ್ರು ಎದ್ದು ಹೊರಗ ಹೋಗ್ತಿದ್ರು."

ಸರ್ ಕಣ್ಣು ಬಿಟ್ಟು ನನ್ನನ್ನು ಗುರುತಿಸಿದರು. ಉಸಿರು ಎಳೆದೆಳೆದು ಮಾತಾಡಿದರು.

"ಆಕಿ ಎಲ್ಲದಾಳ ಟೀಚರ್?"

"ಮೆಟ್ರಿಯಾಗಂತ್ರಿ. ಮದಿವಿ ಆಗೇತಿ."

"ನಾ ಕಂಪ್ಲಿಯಾಗ ಇದ್ದೆ. ಮೆಟ್ರಿ ಏನ್ ದೂರ." ಕಣ್ಣಿನ ಅಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. "ನಿಮಗ ಸಿಕ್ರ ಹೇಳ್ರಿ. ಗ್ವಾಡಿ ಮ್ಯಾಲ ಬರಿ ಅಂದದ್ದು ನನ್ನ ತಪ್ಪು. ಸರ್ ತಪ್ಪಾತು ಅಂದ್ರು ಅಂತ ಹೇಳ್ರಿ."

ಹೇಳುತ್ತೇನೆಂದೆ. ಅದಾದ ಕೆಲವೇ ದಿನಗಳಿಗೆ ಅವರು ಹೋದರು.

ಮಣ್ಣು ಮುಗಿದ ವಾರ ನಾನು ಮೆಟ್ರಿಗೆ ಹೋದೆ. ಕಾಲುವೆಗೆ ನೀರು ಬಿಟ್ಟಿದ್ದರು. ಎಲ್ಲ ಗದ್ದೆಗಳಲ್ಲಿ ಭತ್ತದ ನಾಟಿ ನಡೆದಿತ್ತು. ಕೇಳುತ್ತ ಕೇಳುತ್ತ ಹೋದಾಗ ಸಾಲಿನಲ್ಲಿ ಬಾಗಿ ಸಸಿ ನೆಡುತ್ತಿದ್ದ ಹೆಂಗಸರ ನಡುವಿನಿಂದ ಒಬ್ಬಳು ನೆಟ್ಟಗೆ ನಿಂತು, "ಟೀಚರ್ರಾ?" ಎಂದಳು. ಮುಖದಲ್ಲಿ ಹಳೆಯ ಹುಡುಗಿಯನ್ನು ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು. ಬದುವಿಗೆ ಬಂದು ಕೈಕಾಲಿನ ಕೆಸರು ತೊಳೆದುಕೊಂಡಳು. "ಕುಂದ್ರಿ ಟೀಚರ್" ಎಂದು ತನ್ನ ಟವೆಲ್ಲು ಹಾಸಿದಳು. ಮಕ್ಕಳೆಷ್ಟು, ಗಂಡ ಏನು ಮಾಡುತ್ತಾನೆ, ಅವ್ವ ಹೇಗಿದ್ದಾಳೆ, ಎಲ್ಲ ಮಾತಾದ ಮೇಲೆ ಹೇಳಿದೆ.

"ಡ್ರಾಯಿಂಗ್ ಸರ್ ತೀರ್ಕೊಂಡ್ರವ್ವ."

ಅವಳು ಗದ್ದೆಯ ಕಡೆ ನೋಡಿದಳು. ನಾನು ತಂದಿದ್ದ ಮಾತನ್ನು ಒಪ್ಪಿಸಿದೆ. "ಗ್ವಾಡಿಗೆ ಸುಣ್ಣ ಹಚ್ಚಿದ್ದು ಅವರ ಮನಸಿಗೆ ಭಾಳ ಹತ್ತಿತ್ತು. ನಿನಗ ಬರಿ ಅಂದದ್ದು ತಪ್ಪಾತು ಅಂತ ಹೇಳ್ರಿ ಅಂದಿದ್ರು. ಆ ಗ್ವಾಡಿ ಸಲುವಾಗಿ ನಿನ್ನ ಮನಸು ಮುರೀತು ಅಂತ ಕೊನಿತನ ಕೊರಗಿದ್ರು."

"ಗ್ವಾಡಿಗಾ?" ಅವಳು ನನ್ನತ್ತ ತಿರುಗಿದಳು. ನಿಜವಾಗಿಯೂ ಅರ್ಥವಾಗದ ಮುಖ. "ಗ್ವಾಡಿಗೇನ್ರಿ ಟೀಚರ್. ಒಂದು ದೊಡ್ಡ ಮಳಿ ಬಂದಿದ್ರೂ ಹೋಗ್ತಿತ್ತು ಅದು. ಸುಣ್ಣ ನೋಡಿ ಸಿಟ್ಟು ಬಂತು, ಅಷ್ಟ. ಇನ್ನೊಂದು ಬರದ್ರಾತು ಅನ್ಕೊಂಡಿದ್ದೆ. ಸರ್‌ಗೆ ಅದನ್ನ ಹೇಳಾಕ ಬಂದಿದ್ದೆ ಅವತ್ತು, ಗೇಟಿನ ಮುಂದ. ಅವ್ರು ನನ್ನ ನೋಡ್ಲಿಲ್ಲ, ಒಳಗ ಹೋದ್ರು."

ಆಮೇಲೆ ಅವಳ ದನಿ ಇಳಿಯಿತು.

"ಶುಕ್ರವಾರ ಕಸ ಹೊಡದು ಕುಂತೆ. ಬರ್ಲಿಲ್ಲ. ಮುಂದಿನ ಶುಕ್ರವಾರಾನೂ ಕುಂತೆ. ನಾ ಟಿಪ್ಪರ್ ಬರದಿದ್ದಕ್ಕ ಸರ್‌ಗೆ ತ್ರಾಸಾತು, ನನ್ನ ಮ್ಯಾಲ ಸಿಟ್ಟಾಗಿ ಊರ ಬಿಟ್ಟು ಹೋದ್ರು ಅಂತ ತಿಳ್ಕೊಂಡೆ. ಹೂವು ಬರದುಬಿಟ್ಟಿದ್ರ ಇರ್ತಿದ್ರು ಅನ್ನಿಸ್ತು." ಟವೆಲ್ಲಿನ ಅಂಚಿನ ಎಳೆಯೊಂದನ್ನು ಜಗ್ಗುತ್ತ ಹೇಳಿದಳು, "ಮೊದ್ಲು ರೇಣಿ. ಆಮ್ಯಾಲ ಸರ್. ನನ್ನ ಕೈ ಹಿಡಕೊಂಡೋರು ಯಾರೂ ಉಳಿಯಂಗಿಲ್ಲ ಅನ್ಕೊಂಡೆ. ಅದಕ್ಕ ಮತ್ತ ಯಾರ ಹತ್ರಾನೂ ಕುಂದರ್ಲಿಲ್ಲ."

"ಇಲ್ಲವ್ವ, ಹಂಗಲ್ಲ, ಸರ್ ನಿನ್ನ ಮ್ಯಾಲ ಎಂದೂ..." ಎಂದು ನಾನು ಶುರು ಮಾಡಿದೆ. ಅವಳು ನನ್ನ ಕೈಮೇಲೆ ತನ್ನ ಕೈಯಿಟ್ಟಳು. ನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿದ ಬೆರಳುಗಳು.

"ಬಿಡ್ರಿ ಟೀಚರ್. ಈಗ ಯಾರಿಗೆ ಹೇಳ್ತೀರಿ."

ಗದ್ದೆಯಿಂದ ಒಬ್ಬಳು ಕೂಗಿದಳು, "ಏ ಹುಲಿಗೆಮ್ಮಾ, ನಿನ್ನ ಸಾಲು ಹಿಂದ ಬಿತ್ತು, ಬಾರಬೇ!"

ಹುಲಿಗೆಮ್ಮ ಎದ್ದು ಸೀರೆ ಮೇಲಕ್ಕೆ ಕಟ್ಟಿಕೊಂಡಳು. "ಊಟ ಮಾಡ್ಕೊಂಡು ಹೋಗ್ರಿ, ಬುತ್ತಿ ಐತಿ" ಎಂದಳು. ನಾನು ಬೇಡವೆಂದೆ. ಅವಳು ಸಸಿಯ ಕಟ್ಟು ಎತ್ತಿಕೊಂಡು ಕೆಸರಿಗಿಳಿದಳು. ಉಳಿದವರು ಬಹಳ ಮುಂದೆ ಹೋಗಿದ್ದರು. ಅವಳು ಬಾಗಿ ಒಂದೊಂದೇ ಸಸಿ ಊರುತ್ತ, ತಲೆ ಎತ್ತದೆ, ಒಬ್ಬಳೇ ಆ ಸಾಲನ್ನು ಮುಗಿಸತೊಡಗಿದಳು.